ಎಂಟನೆಯ ಬಿಟ್ ಮತ್ತು ಕಗ್ಗದ ಭತ್ತ

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಹತ್ತಿ ಪೇಟೆಯಲ್ಲಿ ಕುಮಟಾ ಎಂಬ ಹೆಸರು ಗೊತ್ತಿತ್ತು. ಕುಮಟಾದಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಇಲ್ಲಿಗೆ ಬರುತ್ತಿತ್ತು, ಇಲ್ಲಿಂದ ಸಮುದ್ರ ಸೇರಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದ ಊರಿನ ಹೆಸರು ದಾರಿಯಲ್ಲೇ ಬಿಟ್ಟುಹೋಗಿ ಹಡಗು ಹತ್ತಿದ ಊರಿನ ಹೆಸರು ಮಾಲಿಗೆ ಅಂಟಿಕೊಂಡಿತು. ನಮ್ಮ ಕರಾವಳಿಯ ಇಂಥ ಬಂದರುಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದು ಕಷ್ಟ. ಹೊನ್ನಾವರದಲ್ಲಿ ಶರಾವತಿಯ ಅಳಿವೆಗೆ ಅಡ್ಡಲಾಗಿ ಮರಳದಿಬ್ಬ. ಹಡಗು ಆಚೆ ನಿಲ್ಲಬೇಕು, ಸಣ್ಣ ದೋಣಿಗಳು ಹೋಗಿ ಮಾಲು ಇಳಿಸಿಕೊಂಡು ಬರಬೇಕು. ಮೂಟೆ ನೀರಿಗೆ ಬೀಳುವುದು, ಲೆಕ್ಕ ತಪ್ಪುವುದು, ಗುರುತು ಅಳಿಸಿಹೋಗುವುದು ಎಲ್ಲ ಆ ಅರ್ಧ ಮೈಲಿಯಲ್ಲಿ.

ಈ ವಾರ ಬರೆಯಹೊರಟಿರುವುದು ಇನ್ನೊಂದು ಬಗೆಯ ದೊಡ್ಡ ಹಡಗು ಮತ್ತು ಸಣ್ಣ ದೋಣಿಯ ವಿಷಯ. ಮೇನ್‌ಫ್ರೇಮ್ ಎಂಬ ಕೋಣೆಗಾತ್ರದ ಕಂಪ್ಯೂಟರಿನಿಂದ ಮನೆಯ ಮೇಜಿನ ಮೇಲಿನ ಕಂಪ್ಯೂಟರಿಗೆ, ಅಲ್ಲಿಂದ ಇಲ್ಲಿಗೆ, ಫೈಲು ಸಾಗಿಸುವ ಕೆಲಸದ ಇತಿಹಾಸ. ಇಂದು ಇದು ಕೆಲಸವೆಂದೇ ಅನ್ನಿಸುವುದಿಲ್ಲ. 1980 ಮತ್ತು 90ರ ದಶಕಗಳಲ್ಲಿ ಇದಕ್ಕೆ ರಾತ್ರಿಗಳು ಹೋಗುತ್ತಿದ್ದವು. ಕನ್ನಡದ ಫೈಲಾದರೆ ರಾತ್ರಿಯ ಜೊತೆಗೆ ಅಕ್ಷರಗಳೂ ಹೋಗುತ್ತಿದ್ದವು.

ಕಥೆ ಶುರುವಾಗುವುದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, 1981ರಲ್ಲಿ. ಅಲ್ಲಿನ ವಿದ್ಯಾರ್ಥಿಗಳು ದೊಡ್ಡ ಯಂತ್ರಗಳನ್ನು ಹಂಚಿಕೊಂಡು ಕೆಲಸ ಮಾಡುತ್ತಿದ್ದರು. ಡಿಸ್ಕಿನಲ್ಲಿ ಒಬ್ಬೊಬ್ಬರಿಗೆ ಸಿಗುತ್ತಿದ್ದ ಜಾಗ ಅಂಗೈಯಗಲ. ಹೊಸದನ್ನು ಬರೆಯಬೇಕಾದರೆ ಹಳೆಯದನ್ನು ಅಳಿಸಬೇಕು. ಅದೇ ಹೊತ್ತಿಗೆ ಫ್ಲಾಪಿ ಹಾಕುವ ಸಣ್ಣ ಕಂಪ್ಯೂಟರುಗಳು ಬಂದಿದ್ದವು. ವಿದ್ಯಾರ್ಥಿ ತನ್ನ ಫೈಲನ್ನು ದೊಡ್ಡ ಯಂತ್ರದಿಂದ ಫ್ಲಾಪಿಗೆ ಇಳಿಸಿಕೊಂಡು ಜೇಬಿನಲ್ಲಿಟ್ಟು ಹೋಗುವಂತಾದರೆ ಎಂಬ ಯೋಚನೆ ಫ್ರಾಂಕ್ ಡ ಕ್ರೂಸ್ ಮತ್ತು ಬಿಲ್ ಕ್ಯಾಚಿಂಗ್ಸ್ ಎಂಬ ಇಬ್ಬರು ಸಿಬ್ಬಂದಿಯದು. ಅವರು ಮಾಡಿದ ವ್ಯವಸ್ಥೆಗೆ ಕರ್ಮಿಟ್ ಎಂದು ಹೆಸರಿಟ್ಟರು. ಟಿವಿಯ ಬೊಂಬೆಯಾಟದಲ್ಲಿ ಬರುವ ಕಪ್ಪೆಯ ಹೆಸರದು. ಗೋಡೆಯ ಮೇಲೆ ಅದರ ಕ್ಯಾಲೆಂಡರ್ ನೇತಾಡುತ್ತಿತ್ತಂತೆ. ಮಳೆಗಾಲದ ನಮ್ಮ ಊರುಗಳಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗಲಿಕ್ಕಿಲ್ಲ.

ಆಗ ಫೈಲು ಸಾಗಿಸುವ ವಿಧಾನವೇ ಇರಲಿಲ್ಲವೆಂದಲ್ಲ. ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಎಕ್ಸ್‌ಮೋಡೆಮ್ ಮಾಡಿದ್ದ. ಅದು 128 ಬೈಟುಗಳ ಕಟ್ಟು ಕಟ್ಟಿ ಕಳಿಸುತ್ತದೆ. ಸಣ್ಣ ಯಂತ್ರದಿಂದ ಸಣ್ಣ ಯಂತ್ರಕ್ಕೆ ಚೆನ್ನಾಗಿ ನಡೆಯುತ್ತಿತ್ತು. ಆದರೆ ಅದಕ್ಕೆ ಬೈಟಿನ ಎಂಟೂ ಬಿಟ್‌ಗಳು ದಾಟಬಲ್ಲ ಲೈನು ಬೇಕು. ಮೇನ್‌ಫ್ರೇಮ್‌ಗಳ ಟೆಲಿಫೋನ್ ಲೈನುಗಳು ಬಹುಪಾಲು ಏಳೇ ಬಿಟ್‌ನವು. ಎಂಟನೆಯದನ್ನು ಪ್ಯಾರಿಟಿ ಎಂಬ ಕಾವಲಿಗೆ ಮೀಸಲಿಟ್ಟಿದ್ದರು. ಏಳು ಬಿಟ್‌ಗಳಲ್ಲಿ ಒಂದುಗಳ ಸಂಖ್ಯೆ ಸಮವೋ ಬೆಸವೋ ಎಂದು ಎಂಟನೆಯದು ಹೇಳುತ್ತದೆ. ದಾರಿಯಲ್ಲಿ ಒಂದು ಬಿಟ್ ಕೆಟ್ಟರೆ ಗೊತ್ತಾಗುತ್ತದೆ. ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಸೇರಿ 128ರೊಳಗೆ ಮುಗಿಯುವುದರಿಂದ ಏಳು ಬಿಟ್ ಅವರಿಗೆ ಸಾಕಾಗಿತ್ತು. ಈ ಮಾತು ನೆನಪಿರಲಿ, ಮುಂದೆ ಕನ್ನಡಕ್ಕೆ ಏಟು ಬೀಳುವುದು ಇಲ್ಲೇ.

ಇದಲ್ಲದೆ ದೊಡ್ಡ ಯಂತ್ರಗಳಿಗೆ ಅವುಗಳದೇ ಮಡಿ ಮೈಲಿಗೆ. ಕೆಲವು ಸಂಕೇತಗಳು ಬಂದರೆ ಲೈನು ಕಡಿದುಬಿಡುತ್ತವೆ, ಕೆಲವು ಬಂದರೆ ಸುಮ್ಮನಾಗುತ್ತವೆ. ಐಬಿಎಂ ಯಂತ್ರ ತಾನು ಮಾತಾಡುವಾಗ ಕೇಳಿಸಿಕೊಳ್ಳುವುದಿಲ್ಲ. ಈಗ ನಿನ್ನ ಸರದಿ ಎಂಬ ಸಂಕೇತ ಕೊಟ್ಟ ಮೇಲೆಯೇ ಈಚೆಯವರು ಬಾಯಿ ತೆರೆಯಬೇಕು. ಡ ಕ್ರೂಸ್ ಮತ್ತು ಕ್ಯಾಚಿಂಗ್ಸ್ ಈ ಯಂತ್ರಗಳ ಜೊತೆ ಜಗಳಕ್ಕೆ ಹೋಗಲಿಲ್ಲ. ಎಲ್ಲ ಯಂತ್ರಗಳೂ ತಕರಾರಿಲ್ಲದೆ ಒಪ್ಪುವ ಅಕ್ಷರ ಯಾವುವು ಎಂದು ನೋಡಿದರು. ಮುದ್ರಿಸಬಹುದಾದ 95 ಅಕ್ಷರಗಳು ಸಿಕ್ಕವು. ಏನೇ ಕಳಿಸುವುದಿದ್ದರೂ ಅವುಗಳಲ್ಲೇ ಬರೆದು ಕಳಿಸುವುದು ಎಂದು ತೀರ್ಮಾನಿಸಿದರು. ಒಂದು ಕಟ್ಟು ನೂರು ಅಕ್ಷರವನ್ನೂ ಮುಟ್ಟುವುದಿಲ್ಲ. ಶುರುವಿಗೊಂದು ಗುರುತು, ಆಮೇಲೆ ಉದ್ದ, ಆಮೇಲೆ ಸರದಿ ಸಂಖ್ಯೆ, ಇದು ಯಾವ ಬಗೆಯ ಕಟ್ಟು ಎಂಬ ಒಂದಕ್ಷರ, ಮಾಲು, ಕೊನೆಗೆ ಎಲ್ಲವನ್ನೂ ಕೂಡಿಸಿ ಬಂದ ಮೊತ್ತದ ಗುರುತು. ಆಚೆ ದಡದವರು ತಾವೂ ಕೂಡಿಸಿ ನೋಡಿ ತಾಳೆಯಾದರೆ ಬಂತು ಎನ್ನುತ್ತಾರೆ, ಇಲ್ಲದಿದ್ದರೆ ಮತ್ತೆ ಕಳಿಸು ಎನ್ನುತ್ತಾರೆ. ಉತ್ತರ ಬರುವವರೆಗೆ ಈಚೆಯವರು ಮುಂದಿನ ಕಟ್ಟು ಎತ್ತುವುದಿಲ್ಲ. ನಿಧಾನ, ಆದರೆ ನಂಬಬಹುದು. ನಿಷಿದ್ಧ ಸಂಕೇತ ಕಳಿಸಬೇಕಾದಾಗ ಹ್ಯಾಷ್ ಚಿಹ್ನೆ ಹಾಕಿ ಅದರ ಬದಲಿ ಅಕ್ಷರ ಬರೆಯುವುದು. ಎಂಟನೆಯ ಬಿಟ್ ಇರುವ ಬೈಟು ಬಂದರೆ ಮುಂದೆ ಆ್ಯಂಪರ್‌ಸ್ಯಾಂಡ್, ಅಂದರೆ ಅಂಗಡಿ ಬೋರ್ಡುಗಳಲ್ಲಿ ಅಂಡ್ ಎಂದು ಓದುವ ಆ ಸುರುಳಿ ಚಿಹ್ನೆ, ಹಾಕಿ ಉಳಿದ ಏಳು ಬಿಟ್ ಕಳಿಸುವುದು.

ಕೊಲಂಬಿಯಾದವರು ಇದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಮೂಲ ಬರಹ ಸಮೇತ ಕೇಳಿದವರಿಗೆಲ್ಲ ಟೇಪಿನಲ್ಲಿ ಹಾಕಿ ಕೊಟ್ಟರು. 1984ರಲ್ಲಿ ಬೈಟ್ ಪತ್ರಿಕೆಯಲ್ಲಿ ಲೇಖನ ಬಂತು, 1987ರಲ್ಲಿ ಡ ಕ್ರೂಸ್ ಪುಸ್ತಕ ಬರೆದರು, ಅದಕ್ಕೆ ಡೊನಾಲ್ಡ್ ಕ್ನೂತ್ ಮುನ್ನುಡಿ. ಬೇರೆ ಬೇರೆ ಯಂತ್ರಗಳವರು ತಂತಮ್ಮ ಯಂತ್ರಕ್ಕೆ ಬೇಕಾದ ಕರ್ಮಿಟ್ ಬರೆದು ವಾಪಸು ಕಳಿಸಿದರು. ಐಬಿಎಂ ಮೇನ್‌ಫ್ರೇಮ್‌ನ ಕರ್ಮಿಟ್-370ನ್ನು ನೋಡಿಕೊಂಡವರು ಜಾನ್ ಚಾಂಡ್ಲರ್, ಖಗೋಳಶಾಸ್ತ್ರದ ಸಂಸ್ಥೆಯೊಂದರಲ್ಲಿದ್ದವರು. ಸಾಫ್ಟ್‌ವೇರ್ ಹಂಚಿಕೊಂಡು ಬೆಳೆಸುವ ಪದ್ಧತಿಗೆ ಹೆಸರು ಬರುವ ಮೊದಲೇ ಇವರು ಅದನ್ನು ಮಾಡಿ ಮುಗಿಸಿದ್ದರು ಎಂಬುದು ನನ್ನ ಅಭಿಪ್ರಾಯ.

ಫೈಲು ಪೂರ್ತಿ ದಾಟಿ ಬಂದ ಮೇಲೂ ಓದಲು ಬಾರದಿರುವುದು ಇನ್ನೊಂದು ತಾಪತ್ರಯ. ಸಣ್ಣ ಯಂತ್ರಗಳ ಅಕ್ಷರ ಸಂಕೇತ ಆಸ್ಕಿ. ಐಬಿಎಂ ಮೇನ್‌ಫ್ರೇಮ್‌ನದು ಎಬ್ಸಿಡಿಕ್. ಇಂಗ್ಲಿಷಿನ ದೊಡ್ಡಕ್ಷರ ಎ ಆಸ್ಕಿಯಲ್ಲಿ 65, ಎಬ್ಸಿಡಿಕ್‌ನಲ್ಲಿ 193. ಹಾಗಾಗಿ ದಾಟಿಸುವಾಗ ಅಕ್ಷರಕ್ಕೆ ಅಕ್ಷರ ಬದಲಾಯಿಸುವ ಒಂದು ಪಟ್ಟಿ ಬೇಕು. ಬರೀ ಬರಹವಾದರೆ ಇದು ಸಲೀಸು. ಲೆಕ್ಕದ ಫೈಲಾದರೆ ಅಲ್ಲ. ಮೇನ್‌ಫ್ರೇಮ್‌ನ ಕೋಬಾಲ್ ಕಾರ್ಯಕ್ರಮಗಳು ಜಾಗ ಉಳಿಸಲು ಒಂದೇ ಬೈಟಿನಲ್ಲಿ ಎರಡು ಅಂಕಿ ತುರುಕುತ್ತವೆ. 1250 ಎಂಬ ಮೊತ್ತವನ್ನು ಮೂರು ಬೈಟಿನಲ್ಲಿ 01, 25, 0 ಮತ್ತು ಧನ ಚಿಹ್ನೆ ಎಂದು ಇಡುತ್ತವೆ. ಇದು ಅಕ್ಷರವಲ್ಲ, ಅಂಕಿ. ಅನುವಾದ ಪಟ್ಟಿಗೆ ಅದು ಗೊತ್ತಿಲ್ಲ. ಎರಡನೆಯ ಬೈಟು ಅದರ ಕಣ್ಣಿಗೆ ಹೊಸ ಸಾಲು ಎಂಬ ಆಜ್ಞೆ, ಮೂರನೆಯದು ಹೊಸ ಪುಟ ಎಂಬ ಆಜ್ಞೆ. ಸಂಬಳದ ಫೈಲನ್ನು ಮನೆಗೆ ತಂದು ಪ್ರಿಂಟರಿಗೆ ಕೊಟ್ಟರೆ 1250 ರೂಪಾಯಿಯವನ ಹೆಸರು ಬಂದಾಗಲೆಲ್ಲ ಪ್ರಿಂಟರು ಹಾಳೆ ಉಗುಳುತ್ತದೆ. ಸೊನ್ನೆಯಲ್ಲಿ ಮುಗಿಯದ ಮೊತ್ತದವರ ಲೆಕ್ಕ ಕೆಟ್ಟಿದ್ದರೂ ಹಾಳೆ ಉಗುಳುವುದಿಲ್ಲವಾದ್ದರಿಂದ ದೋಷ ಪ್ರಿಂಟರಿನದೇ ಎಂದು ಅದನ್ನು ಬಿಚ್ಚಿ ಕೂತವರು ಎಷ್ಟೋ ಮಂದಿ.

ನಮ್ಮ ದೇಶಕ್ಕೆ ಬಂದರೆ, ಐಬಿಎಂ 1978ರಲ್ಲಿ ಇಲ್ಲಿಂದ ಹೊರಟುಹೋಗಿತ್ತು, ಅದು ಬಿಟ್ಟುಹೋದ ಯಂತ್ರಗಳು ಉಳಿದಿದ್ದವು. 1984ರ ನವೆಂಬರಿನ ಕಂಪ್ಯೂಟರ್ ನೀತಿಯ ನಂತರ ಸಣ್ಣ ಯಂತ್ರಗಳು ಅಗ್ಗವಾದವು. ದೊಡ್ಡದೂ ಬಂತು, ಸಣ್ಣದೂ ಬಂತು, ನಡುವಿನ ಲೈನು ಬರಲಿಲ್ಲ. ಕುಮಟಾದಿಂದ ಬೆಂಗಳೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ತುರ್ತಾದರೆ ಅರ್ಜೆಂಟ್, ಇನ್ನೂ ತುರ್ತಾದರೆ ಲೈಟ್ನಿಂಗ್. ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಬಂದದ್ದು ನಮ್ಮದೇ ಕಿತ್ತೂರಿಗೆ, 1986ರಲ್ಲಿ. ತಂಪು ಕೋಣೆ ಬೇಡದ, ಧೂಳು ಸೆಕೆ ತಡೆಯುವ ಯಂತ್ರವದು. ಎಸ್‌ಟಿಡಿ ನಮ್ಮ ಕಡೆ ಬಂದ ಮೇಲೆ ಭಟ್ಕಳಕ್ಕೆ 08385, ಕುಮಟಾಕ್ಕೆ 08386, ಹೊನ್ನಾವರಕ್ಕೆ 08387 ಎಂಬ ಸಂಖ್ಯೆಗಳು ಬಾಯಿಪಾಠವಾದವು. ರಾತ್ರಿ 11ರ ಮೇಲೆ ಕಾಲು ದರ. ಮೋಡೆಮ್ ಇದ್ದವರು ಆ ಹೊತ್ತಿಗೆ ಕಾಯುತ್ತಿದ್ದರು.

ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಪ್ಪುಗಾಳಿ ಬೀಸುವ ಊರುಗಳಿವು. ಕಂಬದಿಂದ ಕಂಬಕ್ಕೆ ಹೋದ ತಂತಿಯ ಮೇಲೆ ತೆಂಗಿನ ಹೆಡೆ ಬಿದ್ದರೆ ಪರದೆಯ ಮೇಲೆ ಬಾಗಿದ ಕಂಸಗಳೂ ಅಲೆಯಂಥ ಗೀಟುಗಳೂ ಸಾಲಾಗಿ ಬರುತ್ತವೆ. ಮನುಷ್ಯರ ಮಾತಿಗೆ ಆ ಗೊರಗೊರ ಅಡ್ಡಿಯಲ್ಲ. ಎಂತದು, ಎಂತದು ಎಂದು ಎರಡು ಸಲ ಕೇಳಿದರೆ ಆಯಿತು. ಕರ್ಮಿಟ್ ಕೂಡ ಮಾಡುವುದು ಅದನ್ನೇ.

ಇನ್ನು ಕನ್ನಡ. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಕೂರಿಸಿದರೆ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು. ಅದರ ಅಕ್ಷರ ಸಂಕೇತ ಇಸ್ಕಿ. ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ಅದನ್ನು ಐಎಸ್ 13194 ಎಂದು ಮಾನ್ಯ ಮಾಡಿತು. ಬ್ರಾಹ್ಮಿಯಿಂದ ಬಂದ ಲಿಪಿಗಳಿಗೆಲ್ಲ ಒಂದೇ ಪಟ್ಟಿ. ಕನ್ನಡದ ಕ, ದೇವನಾಗರಿಯ ಕ, ತಮಿಳಿನ ಕ ಎಲ್ಲಕ್ಕೂ ಸಂಖ್ಯೆ 179. ಕೆಳಗಿನ 128 ಮನೆಗಳನ್ನು ಇಂಗ್ಲಿಷಿಗೆ ಬಿಟ್ಟು ಮೇಲಿನ ಮನೆಗಳಲ್ಲಿ ನಮ್ಮ ಅಕ್ಷರಗಳನ್ನು ಕೂರಿಸಿದ್ದಾರೆ. ಜಾಣತನದ ಏರ್ಪಾಡು, ಇಂಗ್ಲಿಷ್ ಕನ್ನಡ ಎರಡೂ ಒಂದೇ ಫೈಲಿನಲ್ಲಿ ಇರಬಹುದು. ಆದರೆ ಮೇಲಿನ ಮನೆ ಎಂದರೆ ಎಂಟನೆಯ ಬಿಟ್ ಒಂದು ಆಗಿರುವ ಮನೆ. ಏಳು ಬಿಟ್‌ನ ಲೈನಿನಲ್ಲಿ ಮೇಲಂತಸ್ತಿನವರೆಲ್ಲ ಕೆಳಗೆ ಬೀಳುತ್ತಾರೆ. 179ರಲ್ಲಿ 128 ಹೋದರೆ 51, ಅದು ಇಂಗ್ಲಿಷಿನ ಅಂಕಿ 3. ಅ ಡಾಲರ್ ಚಿಹ್ನೆಯಾಗುತ್ತದೆ. ಅರ್ಧಾಕ್ಷರದ ಗುರುತು ಸಣ್ಣ ಎಚ್. ಅಮ್ಮ ಎಂದು ಬರೆದು ಕಳಿಸಿದರೆ ಡಾಲರ್, ಎಲ್, ಎಚ್, ಎಲ್. ಕುಮಟಾ ಎಂದರೆ ಮೂರು, ಚೌಕ ಕಂಸ, ಎಲ್, ಸಮ ಚಿಹ್ನೆ, ಝಡ್.

ಇದು ನಮಗೆ ಗೊತ್ತಾದ ಬಗೆ ಹೇಳಬೇಕು. ನನ್ನ ಸೋದರಮಾವ ಕುಮಟಾ ತಾಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಅಘನಾಶಿನಿಯ ದಡದ ಗಜನಿ ಗದ್ದೆಗಳವರು, ಸಾಣಿಕಟ್ಟೆಯ ಉಪ್ಪಿನಾಗರದವರು, ಮೀನುಗಾರರು ಬಳಸುವ ಮಾತುಗಳನ್ನು ಇಪ್ಪತ್ತು ವರ್ಷ ಕೂಡಿಟ್ಟು ಮೂರು ದಪ್ಪ ನೋಟುಬುಕ್ಕು ತುಂಬಿಸಿದ್ದರು. ನಿವೃತ್ತಿಯ ಮೇಲೆ ಹೊನ್ನಾವರದ ನಮ್ಮ ಮನೆಗೆ ಬಂದು, ಹಾರ್ಡ್ ಡಿಸ್ಕ್ ಇಲ್ಲದ, ಎರಡು ಫ್ಲಾಪಿ ಡ್ರೈವಿನ ಪಿಸಿಯಲ್ಲಿ ಒಂದು ಬೆರಳಿನಿಂದ ಎಲ್ಲವನ್ನೂ ಹೊಡೆದರು. ಅವರ ಮಗ, ನನ್ನ ಭಾವ, ಬೆಂಗಳೂರಿನ ಒಂದು ಸಂಸ್ಥೆಯ ಮೇನ್‌ಫ್ರೇಮ್ ವಿಭಾಗದಲ್ಲಿದ್ದ. ಫ್ಲಾಪಿ ನಂಬಬೇಡಿ, ನಮ್ಮ ಯಂತ್ರಕ್ಕೆ ಕಳಿಸಿ, ಟೇಪಿಗೆ ಹಾಕಿಡುತ್ತೇನೆ ಎಂದ. ಮೋಡೆಮ್ ಭಟ್ಕಳದಿಂದ ಬಂತು. ದುಬೈಯಿಂದ ರಜೆಗೆ ಬಂದ ಪರಿಚಯಸ್ಥರೊಬ್ಬರು ತಂದಿದ್ದ 1200 ವೇಗದ್ದು. ಅವರ ಮನೆಯಲ್ಲಿ ಗಲ್ಫಿನ ಸಖ್ರ್ ಎಂಬ ಅರಬಿ ಕೀಲಿಮಣೆಯ ಕಂಪ್ಯೂಟರೂ ಇತ್ತು; ಫೈಲುಗಳನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ಇಡುವಂಥದ್ದು. ನವಾಯತಿಯನ್ನು ಬರೆಯುವುದೂ ಅರಬಿ ಮೂಲದ ಅಕ್ಷರಗಳಲ್ಲೇ ಆದ್ದರಿಂದ ಮನೆಯವರು ಅದರಲ್ಲಿ ಕಾಗದ ಬರೆಯುತ್ತಿದ್ದರು. ಅರಬಿಯ ಎಂಟು ಬಿಟ್ ಸಂಕೇತದಲ್ಲೂ ಅಕ್ಷರಗಳು ಮೇಲಂತಸ್ತಿನಲ್ಲೇ ಇರುವುದು. ಕನ್ನಡಕ್ಕೆ ಮಾತ್ರ ಹೀಗಾಯಿತು ಎಂದುಕೊಳ್ಳುವುದು ಬೇಡ.

1994ರ ಬೇಸಿಗೆಯಲ್ಲಿ ಫೈಲು ಹೋಯಿತು. ಆ ಸಂಸ್ಥೆಯ ಲೈನಿಗೆ ಹೇಳಿಕೊಟ್ಟಿದ್ದ ಕ್ರಮ, ಆಚೆ ಒಂದು ಖಾಲಿ ಫೈಲು ತೆರೆದಿಟ್ಟು ಈಚೆಯಿಂದ ಬರಹವನ್ನು ಟೈಪು ಮಾಡಿದಂತೆ ಹರಿಸುವುದು. ತಾಳೆ ನೋಡುವ ಮೊತ್ತ ಇಲ್ಲ, ಮರುಪ್ರಶ್ನೆ ಇಲ್ಲ. ಎರಡೂ ಕಡೆ ಸಾಲು ಎಣಿಸಿದರು, ಸರಿಯಿತ್ತು. ಬಿಟ್ ಬಿದ್ದುಹೋದರೆ ಉದ್ದ ಬದಲಾಗುವುದಿಲ್ಲವಲ್ಲ! ಮೇನ್‌ಫ್ರೇಮ್‌ನ ಪರದೆಯಲ್ಲಿ ಹೇಗೂ ಕನ್ನಡ ಕಾಣುವುದಿಲ್ಲ, ಅಲ್ಲಿ ಕಂಡ ಚಿತ್ರವಿಚಿತ್ರವೇ ಕನ್ನಡ ಇರಬೇಕೆಂದು ಎಲ್ಲರೂ ಒಪ್ಪಿದರು. ಮರುವರ್ಷದ ಮಳೆಗಾಲದಲ್ಲಿ ಫ್ಲಾಪಿಗಳಿಗೆ ಬೂಸ್ಟು ಬಂತು. ಕರಾವಳಿಯಲ್ಲಿ ಅದು ವಿಶೇಷವೇನಲ್ಲ, ಕಂದು ತಟ್ಟೆಯ ಮೇಲೆ ಬಿಳಿ ಹೂವಿನಂತೆ ಅರಳುತ್ತದೆ, ಡ್ರೈವು ಕಿರ್ ಕಿರ್ ಎಂದು ಕೈಚೆಲ್ಲುತ್ತದೆ. ಅಟ್ಟದ ಮೇಲಿದ್ದ ನೋಟುಬುಕ್ಕುಗಳಲ್ಲಿ ಎರಡನ್ನು ಆ ವೇಳೆಗೆ ಒರಲೆ ತಿಂದಿತ್ತು. ಟೇಪಿನಲ್ಲಿದೆಯಲ್ಲ ಎಂದು ಮಾವ ಸಮಾಧಾನವಾಗಿದ್ದರು.

ಟೇಪಿನಿಂದ ಇಳಿಸಲು ಈ ಸಲ ಕರ್ಮಿಟ್ ಬಳಸಿದೆವು. ಅದು ಒಂದೇ ಒಂದು ಅಕ್ಷರ ತಪ್ಪದೆ, ಕಟ್ಟಿಗೆ ಕಟ್ಟು ತಾಳೆ ನೋಡಿ, ಆ ಕಸವನ್ನು ನಿಷ್ಠೆಯಿಂದ ತಂದು ಸುರಿಯಿತು. ಮೊದಲ ಹಲವಾರು ಸಾಲುಗಳು ಡಾಲರಿನಿಂದಲೇ ಶುರು. ಲೈನು ಕೆಟ್ಟಿದೆ ಎಂದು ಒಬ್ಬರು, ಟೇಪು ಹಳತಾಗಿದೆ ಎಂದು ಇನ್ನೊಬ್ಬರು. ಆದರೆ ಕೆಟ್ಟ ಲೈನಿನ ಕಸಕ್ಕೆ ಕ್ರಮ ಇರುವುದಿಲ್ಲ. ಇಲ್ಲಿ ಡಾಲರಿನ ಸಾಲುಗಳು ಮುಗಿದ ಮೇಲೆ ಶೇಕಡಾ ಚಿಹ್ನೆಯ ಸಾಲುಗಳು, ಅವು ಮುಗಿದ ಮೇಲೆ ಸುರುಳಿ ಚಿಹ್ನೆಯವು. ಉಳಿದಿದ್ದ ನೋಟುಬುಕ್ಕು ಪುಣ್ಯಕ್ಕೆ ಮೊದಲನೆಯದು, ಅ ಆ ಇ ಇರುವಂಥದ್ದು. ಪಕ್ಕದಲ್ಲಿಟ್ಟು ನೋಡಿದಾಗ ಗುಟ್ಟು ಬಿಟ್ಟಿತು. ಪ್ರತಿ ಬೈಟಿಗೆ 128 ಕೂಡಿಸುವ ಹತ್ತು ಸಾಲಿನ ಬೇಸಿಕ್ ಕಾರ್ಯಕ್ರಮ ಬರೆದೆವು. ಪರದೆಯ ಮೇಲೆ ಕನ್ನಡ ಎದ್ದು ಬಂತು.

ಆದರೆ ಎಲ್ಲವೂ ಕನ್ನಡವಾಗಿಬಿಟ್ಟಿತು. ಇಂಗ್ಲಿಷ್ ಅಂಕಿಗಳೂ ಅಕ್ಷರಗಳಾದವು. 3 ಎಂದರೆ ಕ, 5 ಎಂದರೆ ಗ, 8 ಎಂದರೆ ಚ. ಮಾವ ಮಾತು ಕೇಳಿಸಿಕೊಂಡ ಇಸವಿಯನ್ನು ಪ್ರತಿ ಸಾಲಿನ ಕೊನೆಗೆ ಬರೆದಿದ್ದರು. 1985 ಎಂಬುದು ಔಛಚಗ ಆಗಿ ಕೂತಿತ್ತು. ಕಟಪಯಾದಿ ಗೊತ್ತಿದ್ದವರಿಗೆ ಇದು ತಮಾಷೆ ಅನ್ನಿಸೀತು. ಸರಿಪಡಿಸುವವರಿಗೆ ಅಲ್ಲ. ಯಾಕೆಂದರೆ ಉಲ್ಟಾ ಕೂಡ ನಿಜ. ಕಗ್ಗ ಎಂಬ ಮಾತಿತ್ತು, ಗುಂಡಪ್ಪನವರ ಕಗ್ಗವಲ್ಲ, ಗಜನಿಯ ಉಪ್ಪುನೀರಿಗೂ ನೆರೆಗೂ ಜಗ್ಗದೆ ನಿಲ್ಲುವ ಭತ್ತ. ಅದು ಕೆಳಗೆ ಬಿದ್ದಾಗ ಮೂರು, ಐದು, ಎಚ್, ಐದು. ಅಂಕಿಯನ್ನೆಲ್ಲ ಅಂಕಿಯಾಗಿಯೇ ಬಿಡಿ ಎಂದರೆ ಕಗ್ಗ ಹೋಗಿ 35 ಉಳಿಯುತ್ತದೆ. ಹಾಗಾಗಿ ಜಾಗ ನೋಡಿ ತೀರ್ಮಾನಿಸಬೇಕು. ಸಾಲಿನ ಕೊನೆಯ ನಾಲ್ಕು ಅಂಕಿ, ಅದು ಇಸವಿ. ಅಲ್ಪವಿರಾಮ ಮತ್ತು ಏ ಒಂದೇ ಮನೆಯವು. ಆದರೆ ಏ ಪದದ ಮೊದಲಿಗೆ ಬರುತ್ತದೆ, ಅಲ್ಪವಿರಾಮ ಪದದ ಕೊನೆಗೆ. ತೆರೆಯುವ ಕಂಸ ಮತ್ತು ಉ ಒಂದೇ ಮನೆ, ಎರಡೂ ಪದದ ಮೊದಲಿಗೇ ಬರುತ್ತವೆ; ಮುಂದೆ ಮುಚ್ಚುವ ಕಂಸ ಇದೆಯೇ ನೋಡಬೇಕು. ಕನ್ನಡದ ವ್ಯಾಕರಣವೇ ಇಲ್ಲಿ ದುರಸ್ತಿ ಸಾಮಾನಾಯಿತು. ಆ ಯಂತ್ರಕ್ಕೆ ಸಣ್ಣಕ್ಷರವನ್ನೆಲ್ಲ ದೊಡ್ಡದು ಮಾಡುವ ಚಾಳಿ ಇರಲಿಲ್ಲ. ಇದ್ದಿದ್ದರೆ ಅರ್ಧಾಕ್ಷರದ ಎಚ್ ದೊಡ್ಡದಾಗಿ ಪ ಆಗಿ, ಕಗ್ಗ ಕಗಪಗ ಆಗಿರುತ್ತಿತ್ತು.

ನಿಜವಾದ ನಷ್ಟ ಬೇರೆ ಕಡೆ ಆಗಿತ್ತು. ಇಸ್ಕಿಯಲ್ಲಿ ಇಕಾರದ ಗುಣಿತ ಚಿಹ್ನೆ ಕೆಳಗೆ ಬಿದ್ದರೆ ತೆರೆಯುವ ಚೌಕ ಕಂಸವಾಗುತ್ತದೆ, ಉಕಾರದ್ದು ಮುಚ್ಚುವ ಚೌಕ ಕಂಸ. ಎಬ್ಸಿಡಿಕ್‌ನಲ್ಲಿ ಚೌಕ ಕಂಸಗಳ ಜಾಗದ ಬಗ್ಗೆ ಐಬಿಎಂನ ಪಟ್ಟಿಗಳಲ್ಲೇ ಒಮ್ಮತವಿಲ್ಲ. ಮೇನ್‌ಫ್ರೇಮ್ ಕಂಡವರಿಗೆಲ್ಲ ಇದು ಗೊತ್ತು. ಆ ಸಂಸ್ಥೆಯ ಪಟ್ಟಿಯಲ್ಲಿ ಅವೆರಡಕ್ಕೂ ಜಾಗವೇ ಇರಲಿಲ್ಲ, ಎರಡನ್ನೂ ಖಾಲಿ ಜಾಗ ಮಾಡಿ ಇಟ್ಟಿತ್ತು. ಮೇನ್‌ಫ್ರೇಮ್ ಪ್ರತಿ ಸಾಲನ್ನೂ 80 ಅಕ್ಷರಕ್ಕೆ ಖಾಲಿ ಜಾಗದಿಂದ ತುಂಬಿಸಿ ಇಡುತ್ತದೆ, ವಾಪಸು ತರುವಾಗ ಕರ್ಮಿಟ್ ಆ ಬಾಲವನ್ನು ಕತ್ತರಿಸುತ್ತದೆ. ಸಾಲು ಮುರಿದು ಎರಡಾದ ಕಡೆ ಪದದ ಕೊನೆಯಲ್ಲಿದ್ದ ಇಕಾರ ಉಕಾರಗಳು ಗುರುತೂ ಇಲ್ಲದೆ ಹೋದವು. ಉಳಿದ ಕಡೆ ಗಿಳಿಯೋ ಗುಳಿಯೋ ಹೇಳಲಾಗದು, ಹಿಡಿಯೋ ಹುಡಿಯೋ ತಿಳಿಯದು, ಹುಳಿ ಹುಳು ಎರಡೂ ಒಂದೇ. ಎಲ್ಲಿ ಪದ ಮುಗಿಯಿತು, ಎಲ್ಲಿ ಗುಣಿತ ಬಿತ್ತು ಎಂಬುದೂ ಅಸ್ಪಷ್ಟ. ಕನ್ನಡದಿಂದ ಇಕಾರ ಉಕಾರ ತೆಗೆದರೆ ಎಷ್ಟು ಉಳಿಯುತ್ತದೆ ಎಂದು ಒಂದು ಸಾಲು ಬರೆದು ನೋಡಿ.

ಇದಕ್ಕೆ ಯಾವ ಕಾರ್ಯಕ್ರಮವೂ ಇರಲಿಲ್ಲ. ಮಾವ ಚಳಿಗಾಲವಿಡೀ ಹೊನ್ನಾವರದಲ್ಲಿ ಉಳಿದರು. ಹಾಳೆಗಳನ್ನು ಮುದ್ರಿಸಿ ಕೊಟ್ಟೆವು, ಅವರು ಓದುತ್ತ ಕೆಂಪು ಪೆನ್ನಿನಲ್ಲಿ ತುಂಬಿಸಿದರು. ತನಗೇ ಸಂಶಯ ಬಂದಲ್ಲಿ ಬಸ್ಸು ಹತ್ತಿ ಹೋಗಿ ಹೇಳಿದವರನ್ನೇ ಕೇಳಿ ಬಂದರು. ಹೇಳಿದವರಲ್ಲಿ ಕೆಲವರು ತೀರಿಹೋಗಿದ್ದರು. “ತಮಾ, ಈ ಯಂತ್ರಕ್ಕೆ ಮಗ್ಗಿ ಬತ್ತು, ಕಾಗುಣಿತ ಬತ್ತಿಲ್ಲೆ” ಎಂದು ಒಂದು ದಿನ ಹೇಳಿದರು. ಶಾಲೆಯಲ್ಲಿ ಅವರು ಯಾರನ್ನೂ ಇದಕ್ಕಿಂತ ಹೆಚ್ಚು ಬೈದದ್ದಿಲ್ಲ.

ತಿದ್ದಿದ ಫೈಲನ್ನು ಮತ್ತೆ ಟೇಪಿಗೆ ಕಳಿಸುವಾಗ ಎರಡೂ ಕಡೆ ಕರ್ಮಿಟ್ ಇತ್ತು. ಈಚೆಯ ಕರ್ಮಿಟ್‌ಗೆ ಐಬಿಎಂ ಲೈನಿಗೆ ಬೇಕಾದ ಪ್ಯಾರಿಟಿ, ಸರದಿ ಸಂಕೇತ ಎಲ್ಲವನ್ನೂ ಹೇಳಿ, ಆಚೆಗೆ ಇದು ಬರಹವಲ್ಲ, ಅನುವಾದ ಮಾಡದೆ ಇದ್ದಹಾಗೆ ಇಟ್ಟುಕೋ ಎಂದು ಹೇಳಿದರೆ ಮುಗಿಯಿತು. ಕನ್ನಡದ ಪ್ರತಿ ಬೈಟಿನ ಮುಂದೂ ಒಂದು ಸುರುಳಿ ಚಿಹ್ನೆ ಹೋಗಬೇಕು. ಅಂದರೆ ಇಂಗ್ಲಿಷಿನ ಒಂದು ಪುಟ ಹೋಗುವ ಹೊತ್ತಿಗೆ ಕನ್ನಡದ್ದು ಅರ್ಧ ಪುಟ. ಫೈಲು ಸುಮಾರು 180 ಕಿಲೋಬೈಟು. 1200ರ ವೇಗದಲ್ಲಿ ಸೆಕೆಂಡಿಗೆ 120 ಅಕ್ಷರದಂತೆ ಇಂಗ್ಲಿಷಾದರೆ ಅರ್ಧ ಗಂಟೆಯ ಸುತ್ತಮುತ್ತ. ನಮ್ಮದು ಒಂದು ಗಂಟೆ ದಾಟಿತು. ಎಸ್‌ಟಿಡಿ ಬಿಲ್ಲಿನಲ್ಲಿ ಕನ್ನಡಕ್ಕೆ ಬೇರೆ ದರ ಎಂದು ಬರೆದಿರಲಿಲ್ಲ, ಆದರೆ ದರ ಬೇರೆಯೇ ಆಗಿತ್ತು. ಇದು ಕೊಲಂಬಿಯಾದವರ ಗಮನಕ್ಕೂ ಬಂದಿತ್ತು. ರಷ್ಯನ್, ಹೀಬ್ರೂ, ಜಪಾನಿನವರು ದೂರಿದ್ದರು. ಆಮೇಲಿನ ಕರ್ಮಿಟ್‌ಗಳಲ್ಲಿ ಇಲ್ಲಿಂದ ಮುಂದೆ ಎಲ್ಲ ಮೇಲಂತಸ್ತು ಎಂದು ಒಮ್ಮೆ ಹೇಳಿ, ಮುಗಿದಾಗ ಇನ್ನೊಮ್ಮೆ ಹೇಳುವ ಉಪಾಯ ಸೇರಿತು. ಆಚೆಯ ಯಂತ್ರದಲ್ಲಿದ್ದದ್ದು ಹಳೆಯ ಕರ್ಮಿಟ್.

ಮುಂದಿನದು ನಿಮಗೆ ಗೊತ್ತಿರುವ ಕಥೆ. 1998ರಲ್ಲಿ ಬರಹ ಬಂತು, ಹೊಸ ಶತಮಾನದ ಶುರುವಿಗೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಮನೆಮನೆಯಲ್ಲಿ ಕನ್ನಡ ಟೈಪಾಯಿತು, ಆದರೆ ಫಾಂಟಿನ ಸಂಕೇತದಲ್ಲಿ. ಫಾಂಟು ಇಲ್ಲದ ಯಂತ್ರಕ್ಕೆ ಹೋದರೆ ಮತ್ತೆ ಇಂಗ್ಲಿಷಿನ ಕಸ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ತಾಲೂಕು ತಾಲೂಕಿನ ಯಂತ್ರಗಳಿಗೆ ಏರಿದವು. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು, ಅದೂ ಇಸ್ಕಿಯ ಸಾಲನ್ನೇ ಅನುಸರಿಸಿ. ನಮ್ಮ ಯಂತ್ರಗಳಿಗೆ ಅದು ನೆಟ್ಟಗೆ ಅರ್ಥವಾಗಲು ಹತ್ತು ಹದಿನೈದು ವರ್ಷ ಬೇಕಾಯಿತು. ಈಗ ಜಾಲದಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟು, ಇಂಗ್ಲಿಷಿಗೆ ಒಂದು. ಲೈನು ಅಗಲವಾಗಿರುವುದರಿಂದ ಯಾರೂ ಎಣಿಸುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯ 2011ರಲ್ಲಿ ಕರ್ಮಿಟ್ ಯೋಜನೆಯನ್ನು ಮುಗಿಸಿತು. ಡ ಕ್ರೂಸ್ ಅದನ್ನು ತಾವೇ ನೋಡಿಕೊಳ್ಳುವುದಾಗಿ ತೆಗೆದುಕೊಂಡರು.

ಮಾವನ ಫೈಲು ಈಗ ಯೂನಿಕೋಡಿನಲ್ಲಿದೆ. ಇಸ್ಕಿಯಿಂದ ಬದಲಾಯಿಸುವಾಗ ಒಂದು ಅಕ್ಷರವೂ ಕೆಡಲಿಲ್ಲ. ಅವರು ಕೊನೆಗೂ ತುಂಬಿಸದೆ ಬಿಟ್ಟ ಹನ್ನೊಂದು ಪದಗಳಿವೆ. ಅವುಗಳ ಖಾಲಿ ಜಾಗದಲ್ಲಿ ನಾನು ಪ್ರಶ್ನೆ ಚಿಹ್ನೆ ಇಟ್ಟಿದ್ದೇನೆ. ಒಂದು ಪದ ಗಜನಿಯ ಕೋಡಿಯ ಬಾಯಲ್ಲಿ ಏಡಿ ಹಿಡಿಯಲು ಇಡುವ ಸಣ್ಣ ಬುಟ್ಟಿಯ ಹೆಸರು. ಮೊದಲ ಅಕ್ಷರ ಕ, ಎರಡನೆಯದು ಳ. ಅರ್ಥ ಪೂರ್ತಿ ಇದೆ, ಇಸವಿ ಇದೆ. ಕುಮಟಾದ ಕಡೆಯವರಿಗೆ ಗೊತ್ತಿದ್ದರೆ ಬರೆಯಿರಿ.